ಲಿವೋನಿಯಾದ ಮೂಗು

ಆಂಟಿ ಹೋದ ಸುದ್ದಿ ಕನ್ನಡ ಕೂಟದ ವಾಟ್ಸಾಪ್ ಗುಂಪಿಗೆ ಬಂದ ದಿನ ನಾನು ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೇ ಕೂತು ಸಂದೇಶಗಳನ್ನೆಲ್ಲ ಓದಿದೆ. ಒಬ್ಬರು ಅವರನ್ನು ಸಾಕ್ಷಾತ್ ಅನ್ನಪೂರ್ಣೆ ಎಂದಿದ್ದರು. ಇನ್ನೊಬ್ಬರು ಅವರ ಕೈಯ ಬಿಸಿಬೇಳೆಬಾತು ಇನ್ನೆಲ್ಲಿ ಸಿಗಬೇಕು ಎಂದು ಹಲುಬಿದ್ದರು. ಮತ್ತೊಬ್ಬರು ದೈವಭಕ್ತೆ, ಮಿತಭಾಷಿ ಎಂದು ಸೇರಿಸಿ ಕೈಮುಗಿದ ಚಿತ್ರ ಅಂಟಿಸಿದ್ದರು. ನನಗೆ ರೇಗಿಹೋಯಿತು. ಆಂಟಿ ಬಿಸಿಬೇಳೆಬಾತು ಮಾಡಿದ್ದನ್ನು ಡೆಟ್ರಾಯಿಟ್ ಪಕ್ಕದ ಈ ಲಿವೋನಿಯಾದಲ್ಲಿ ಕಂಡವರಿಲ್ಲ. ಮಿತಭಾಷಿ ಎಂದವರು ಅವರ ಜೊತೆ ಹತ್ತು ನಿಮಿಷ ಕೂತಿರಲಾರರು. ಹೇಳಲೇಬೇಕಾಗಿದ್ದ ಒಂದು ವಿಷಯವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆಂಟಿ ಮದ್ಯ ಪರೀಕ್ಷೆ ಮಾಡುತ್ತಿದ್ದರು. ಮಿಷಿಗನ್, ಇಲಿನಾಯ್ ಕಡೆಯ ಸಣ್ಣಪುಟ್ಟ ಡಿಸ್ಟಿಲರಿಗಳವರು ತಾವು ಇಳಿಸಿದ ವಿಸ್ಕಿ, ಜಿನ್, ರಮ್ಮುಗಳನ್ನು ಅಂಗಡಿಗೆ ಬಿಡುವ ಮುಂಚೆ ಈ ಧಾರವಾಡದ ಹೆಂಗಸಿನ ಮೂಗಿಗೆ ಹಿಡಿದು, ಆಕೆ ಏನನ್ನುತ್ತಾರೋ ಎಂದು ಕಾಯುತ್ತಿದ್ದರು.

ಮೂಗು ಅವರಿಗೆ ಅನ್ನ ಕೊಟ್ಟದ್ದು ಮೊದಲು ಕಾರುಗಳ ಕಡೆಯಿಂದ. ಸ್ಟರ್ಲಿಂಗ್ ಹೈಟ್ಸಿನಲ್ಲಿ ಕಾರಿನ ಸೀಟು, ಡ್ಯಾಶ್‌ಬೋರ್ಡು ಮಾಡಿಕೊಡುವ ಒಂದು ಕಂಪನಿಯ ಲ್ಯಾಬಿನಲ್ಲಿ ಅವರಿಗೆ ಕೆಲಸ. ಸೀಟಿನ ಫೋಮಿನ ತುಂಡನ್ನು ಗಾಜಿನ ಜಾಡಿಗೆ ಹಾಕಿ ಬಿಸಿ ಮಾಡುವುದು, ಮುಚ್ಚಳ ಒಂದಿಷ್ಟೇ ಸರಿಸಿ ಮೂಸುವುದು, ಅಂಕ ಹಾಕುವುದು. ಹೊಸ ಕಾರಿನ ವಾಸನೆ ಎಂದು ನಾವು ಖುಷಿಪಡುತ್ತೇವಲ್ಲ, ಅದು ಆಂಟಿಯಂಥವರು ಪಾಸು ಮಾಡಿ ಕಳಿಸಿದ ವಾಸನೆ. ನಾನು ಕಾರು ಕೊಂಡಾಗ ತೋರಿಸಲು ಒಯ್ದಿದ್ದೆ. ಬಾಗಿಲು ತೆಗೆದು ತಲೆ ಒಳಗಿಟ್ಟವರೇ, "ಅಂಟು ಛಲೋ ಒಣಗಿಲ್ಲ. ಒಂದ ವಾರ ಕಿಟಕಿ ತಗದಿಡು" ಎಂದರು. ಬಣ್ಣ ಚೆನ್ನಾಗಿದೆ ಎಂದಾದರೂ ಹೇಳಬಹುದಿತ್ತು.

ರಿಟೈರ್ ಆದ ಮೇಲೆ ಅದೇ ಲ್ಯಾಬಿನ ಹಳೆಯ ಸಹೋದ್ಯೋಗಿಯೊಬ್ಬರು ಇವರನ್ನು ಶಿಕಾಗೋದ ಒಂದು ಪರೀಕ್ಷಕರ ತಂಡಕ್ಕೆ ಎಳೆದುಕೊಂಡು ಹೋದರು. ಸಣ್ಣ ಡಿಸ್ಟಿಲರಿಗಳಿಗೆ ದೊಡ್ಡವರ ಹಾಗೆ ಸ್ವಂತ ಲ್ಯಾಬು, ಸ್ವಂತ ಪರಿಣತರು ಇರುವುದಿಲ್ಲ. ತಿಂಗಳಿಗೊಂದು ಶನಿವಾರ ಐದು ಜನ ಕೂತು ಅವರ ಮಾದರಿಗಳನ್ನು ನೋಡಿ ವರದಿ ಕೊಡುತ್ತಾರೆ. ತಂಡ ಒಪ್ಪಿದ್ದನ್ನು ಶಿಕಾಗೋದ ವಿತರಕರು ಕೊಂಡುಕೊಳ್ಳುತ್ತಾರೆ, ಒಪ್ಪದ್ದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ನಾನು ಲಿವೋನಿಯಾದ ಒಂದು ಕಂಪನಿಯಿಂದ ಈ ಡಿಸ್ಟಿಲರಿಗಳಿಗೇ ಬಾಟಲಿ ಮಾರುವವನು. ನನಗೂ ಶಿಕಾಗೋದಲ್ಲಿ ಕೆಲಸವಿರುತ್ತಿತ್ತು, ಆಂಟಿಗೂ ಒಬ್ಬ ಡ್ರೈವರ್ ಬೇಕಿತ್ತು. ಒಂದು ಹನಿಯನ್ನೂ ನುಂಗದಿದ್ದರೂ ಆ ದಿನ ಅವರು ಸ್ಟಿಯರಿಂಗ್ ಮುಟ್ಟುತ್ತಿರಲಿಲ್ಲ.

ಅವರ ಮನೆಗೆ ವಾಸನೆ ಇರಲಿಲ್ಲ. ನಮ್ಮವರ ಮನೆಗೆ ಹೋದರೆ ಬಾಗಿಲಲ್ಲೇ ಒಗ್ಗರಣೆಯೋ ಊದಿನಕಡ್ಡಿಯೋ ಎದುರುಗೊಳ್ಳುತ್ತದಲ್ಲ, ಇಲ್ಲಿ ಏನೂ ಇಲ್ಲ. ದೇವರ ಮುಂದೆ ತುಪ್ಪದ ದೀಪ ಮಾತ್ರ, ಹೂವು ಕೂಡ ವಾಸನೆಯಿಲ್ಲದ್ದು. ಅಂಕಲ್ ಬದುಕಿದ್ದಾಗ ಅವರ ಉಪ್ಪಿನಕಾಯಿ ಜಾಡಿಗೆ ಗ್ಯಾರೇಜಿನಲ್ಲಿ ಜಾಗ. ಹಿಮ ತೆಗೆಯುವ ಮಷೀನಿನ ಪಕ್ಕ ಜಾಕೆಟ್ ಹಾಕಿಕೊಂಡು ನಿಂತು, ಮೊಸರನ್ನದ ತಟ್ಟೆ ಕೈಯಲ್ಲಿ ಹಿಡಿದು ಅವರು ಮಾವಿನಕಾಯಿ ಚೀಪುವುದನ್ನು ನಾನೇ ಕಂಡಿದ್ದೇನೆ. "ನಿಮ್ಮ ಆಂಟಿ ನನ್ನ ಮದುವಿ ಆಗೂಮುಂದ ಜಾತಕ ನೋಡಲಿಲ್ಲ, ಮೂಸಿ ನೋಡಿದ್ಲು" ಎಂದು ನಗುತ್ತಿದ್ದರು. ಆಂಟಿ ಒಳಗಿನಿಂದಲೇ, "ಹೂಂ, ಸರ್ದಿ ಆಗಿತ್ತು ಅವತ್ತ" ಎನ್ನುತ್ತಿದ್ದರು.

ಶನಿವಾರ ಬೆಳಗಿನ ಜಾವ ಹೊರಟು ಐ-94 ಹಿಡಿದರೆ ಶಿಕಾಗೋ ನಾಲ್ಕು ಗಂಟೆಯ ಮೇಲಿನ ದಾರಿ. ಅಲ್ಲಿ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಆ ಒಂದು ಗಂಟೆ ಪುಕ್ಕಟೆ ಸಿಕ್ಕಿತೆಂದು ಆಂಟಿಗೆ ಪ್ರತಿ ಸಲವೂ ಖುಷಿ. ದಾರಿಯಲ್ಲಿ ನಾನು ಕಾಫಿ ಕುಡಿಯುವ ಹಾಗಿಲ್ಲ. ಕುಡಿಯಲೇಬೇಕೆಂದರೆ ಎಕ್ಸಿಟ್ ತೆಗೆದುಕೊಂಡು, ಕಾರಿನಿಂದಿಳಿದು, ಕುಡಿದು, ಬಾಯಿ ಮುಕ್ಕಳಿಸಿ ಬರಬೇಕು. ಒಮ್ಮೆ ಹೊಸ ಶೇವಿಂಗ್ ಲೋಷನ್ ಹಾಕಿಕೊಂಡು ಹೋದೆ. ಕ್ಯಾಲಮಜೂ ದಾಟುವವರೆಗೂ ಚಳಿಯಲ್ಲಿ ಕಿಟಕಿ ಇಳಿಸಿಯೇ ಡ್ರೈವ್ ಮಾಡಿಸಿದರು.

ಪರೀಕ್ಷೆ ನಡೆಯುತ್ತಿದ್ದದ್ದು ಹಳೆಯ ಗೋದಾಮಿನ ಮೇಲಂತಸ್ತಿನಲ್ಲಿ, ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿಗೆ ನಾಲಿಗೆ ಇನ್ನೂ ದಣಿದಿರುವುದಿಲ್ಲವಂತೆ. ಗ್ಲಾಸುಗಳ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಬಾಟಲಿ ವ್ಯಾಪಾರಿಯಾದ ನಾನು ಹಿಂದಿನ ಗೋಡೆಗೆ ಒರಗಿ ಕೂರಬಹುದಿತ್ತು, ಬಾಯಿ ಹಾಕುವಂತಿರಲಿಲ್ಲ. ಆಂಟಿ ಗ್ಲಾಸಿನ ಮೇಲೆ ಮನೆಯಿಂದ ತಂದ ಪುಟ್ಟ ಸ್ಟೀಲ್ ಮುಚ್ಚಳ ಇಡುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ಸರಿಸಿ, ಬಾಯಿ ತುಸು ತೆರೆದು, ಮೊದಲು ಬಲ ಹೊಳ್ಳೆಗೆ, ಆಮೇಲೆ ಎಡ ಹೊಳ್ಳೆಗೆ ಹಿಡಿಯುವರು. ನಂತರ ಡ್ರಾಪರಿನಿಂದ ಎರಡು ಹನಿ ನೀರು ಬಿಟ್ಟು ಮತ್ತೆ ಮೂಸುವರು. ಮೂಗು ದಣಿದರೆ ತಮ್ಮ ಮೊಣಕೈಯ ಒಳಮಡಿಕೆಯನ್ನೇ ಮೂಸಿಕೊಳ್ಳುವರು. ತಮ್ಮ ಮೈಯ ವಾಸನೆ ತಮಗೆ ತಿಳಿಯುವುದಿಲ್ಲವಲ್ಲ, ಅಲ್ಲಿಗೆ ಮೂಗು ಮತ್ತೆ ಸ್ವಚ್ಛ. ಕೊನೆಗೆ ಒಂದು ಗುಟುಕು ಬಾಯಿಗೆ ಹಾಕಿ, ಆಡಿಸಿ, ಉಗುಳುವರು. ಉಗುಳುವುದರಲ್ಲಿ ಅಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಮೊದಮೊದಲು ಬೆರಗಾದ ಬಿಳಿಯರಿಗೆ, ನಮ್ಮಜ್ಜಿ ಎಲೆ-ಅಡಿಕೆ ಹಾಕಿಕೊಂಡು ಪಡಸಾಲೆಯಿಂದ ಅಂಗಳದ ಮೂಲೆಗೆ ಉಗುಳುತ್ತಿದ್ದಳು, ಇದೆಲ್ಲ ಏನು ಮಹಾ ಎಂದು ವಿವರಿಸಿದ್ದರು. ಬಾಯಿ ಶುದ್ಧಿಗೆ ಉಳಿದವರು ಬಿಸ್ಕತ್ತು ಕಡಿದರೆ ಇವರು ಡಬ್ಬಿಯಲ್ಲಿ ಚುರುಮುರಿ ತರುತ್ತಿದ್ದರು. ವರ್ಷ ಕಳೆಯುವುದರೊಳಗೆ ಐದು ಜನರೂ ಚುರುಮುರಿ ತಿನ್ನತೊಡಗಿದರು.

ಉಳಿದವರೆಲ್ಲ ವೆನಿಲಾ, ಕ್ಯಾರಮೆಲ್, ಚರ್ಮ, ತಂಬಾಕು ಎಂದು ಬರೆಯುತ್ತಿದ್ದರು. ಆಂಟಿಗೆ ಮೊದಲು ಹೊಳೆಯುತ್ತಿದ್ದದ್ದು ಬೇರೆ. ಉಕ್ಕಿ ಒಲೆಗೆ ಸುರಿದು ಸುಟ್ಟ ಹಾಲು. ಸ್ಲೇಟು ಒರೆಸಿದ ಒದ್ದೆ ಬಟ್ಟೆ. ಮಳೆಗಾಲದ ಮೊದಲ ದಿನ ಬಿಚ್ಚಿದ ಕೊಡೆ. ಇವನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ತಂಡದ ಮುಖ್ಯಸ್ಥ, ಬಿಳಿಗಡ್ಡದ ಮನುಷ್ಯ, ಕಣ್ಣುಮುಚ್ಚಿ ಮತ್ತೆ ಮೂಸಿ, ಹೌದು ಎಂದು ತಲೆಯಾಡಿಸುತ್ತಿದ್ದ. ಆಂಟಿ ನನಗೆ ಹೇಳುತ್ತಿದ್ದ ಪಾಠ ಒಂದೇ: "ಮೊದಲ ಮೂಗಿಗೆ ಏನ ಬರ್ತದ ಅದನ್ನ ಬರೀಬೇಕು ತಮ್ಮಾ. ಆಮ್ಯಾಲ ಬರೂದೆಲ್ಲ ಶಾಣ್ಯಾತನ."

ದಾಕ್ಷಿಣ್ಯ ಅವರಿಗೆ ಆಗಿಬರುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಡಿಸ್ಟಿಲರಿಯವರು ಬಂದು ಮಾತಾಡುವುದಿತ್ತು. ಒಬ್ಬಾತ ತನ್ನ ಅಜ್ಜ ಕದ್ದುಮುಚ್ಚಿ ಕಾಡಿನಲ್ಲಿ ಭಟ್ಟಿ ಇಳಿಸುತ್ತಿದ್ದ ಕಥೆಯನ್ನು ಹತ್ತು ನಿಮಿಷ ಹೇಳಿದ. ಲೇಬಲ್ಲಿನ ಮೇಲೂ ಅಜ್ಜನ ಚಿತ್ರವಿತ್ತು. ಆಂಟಿ ಪೂರ್ತಿ ಕೇಳಿ, ನಿಮ್ಮ ಅಜ್ಜನ ಬಗ್ಗೆ ನನಗೆ ಗೌರವವಿದೆ, ಆದರೆ ಅವರು ಈ ಗ್ಲಾಸಿನಲ್ಲಿಲ್ಲ ಎಂದುಬಿಟ್ಟರು. ಆತ ನನ್ನ ಗಿರಾಕಿ. ನಾನು ಮುಖ ತಿರುಗಿಸಿಕೊಂಡು ಕಿಟಕಿಯಾಚೆ ನೋಡುತ್ತ ಕೂತೆ.

ಊರಿನಲ್ಲಿ ಇದರ ಬಗ್ಗೆ ಗುಸುಗುಸು ಇದ್ದೇ ಇತ್ತು. ಯುಗಾದಿಯ ಪಾಟ್‌ಲಕ್ ಊಟದಲ್ಲಿ ಒಬ್ಬರು ಹಲ್ಲುಕಿರಿಯುತ್ತ, "ಏನ್ ಆಂಟಿ, ನಮಗೂ ಒಂದು ಒಳ್ಳೇ ಬ್ರ್ಯಾಂಡ್ ಹೇಳಿ, ದಿನಾ ಟೇಸ್ಟ್ ಮಾಡ್ತೀರಲ್ಲ" ಎಂದರು. ಆಂಟಿ ಅವರ ಹತ್ತಿರಕ್ಕೆ ಒಂದು ಹೆಜ್ಜೆ ಬಂದು ಉಸಿರೆಳೆದುಕೊಂಡು, "ನಿನಗ ಬ್ರ್ಯಾಂಡ್ ಯಾಕಪಾ, ಮನ್ಯಾಗ ಹಾಕ್ಕೊಂಡ ಬಂದೀಯಲ್ಲ. ಮ್ಯಾಲ ಏಲಕ್ಕಿ ಜಗದೀ" ಎಂದರು. ಆ ಮನುಷ್ಯನ ಹೆಂಡತಿ ಅಲ್ಲೇ ನಿಂತಿದ್ದರು. ಮುಂದೆ ಯಾರೂ ಎದುರಿಗೆ ಹಾಸ್ಯ ಮಾಡಲಿಲ್ಲ.

ಆಂಟಿಗೆ ಒಬ್ಬರೇ ಆಪ್ತ ಗೆಳತಿ, ಸ್ಟರ್ಲಿಂಗ್ ಹೈಟ್ಸಿನ ಸರೋಜಮ್ಮ. ತುಮಕೂರಿನವರು. ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಈ ದೇಶಕ್ಕೆ ಬಂದವರು. ಸರೋಜಮ್ಮನ ಮಗ ನಿಖಿಲ್ ಇಲ್ಲೇ ಹುಟ್ಟಿದವನು, ಕಾರಿನ ಫ್ಯಾಕ್ಟರಿಯಲ್ಲಿ ಇಂಜಿನಿಯರಾಗಿದ್ದವನು. ಮೂವತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ ಕೆಲಸ ಬಿಟ್ಟು, ಡೆಟ್ರಾಯಿಟಿನ ಒಂದು ಹಳೆಯ ವರ್ಕ್‌ಶಾಪಿನಲ್ಲಿ ತಾಮ್ರದ ಭಟ್ಟಿ ಕೂರಿಸಿ, ರಾಗಿಯಿಂದ ವಿಸ್ಕಿ ಮಾಡುತ್ತೇನೆ ಎಂದ. ಸರೋಜಮ್ಮನಿಗೆ ಆಕಾಶ ಕಳಚಿ ತಲೆಯ ಮೇಲೆ ಬಿತ್ತು. ಒಂದು ಭಾನುವಾರ ನಾನು ಆಂಟಿಯ ಮನೆಯಲ್ಲಿದ್ದಾಗಲೇ ಬಂದು ಕೂತರು.

"ನೀನೊಂದು ಮಾತು ಹೇಳ್ಬಿಟ್ರೆ ಸಾಕು ಕಣೇ. ಚೆನ್ನಾಗಿಲ್ಲ, ಇದು ನಿನ್ ಕೈಲಾಗೋ ಕೆಲಸ ಅಲ್ಲ ಅಂತ. ನನ್ ಮಾತು, ಅವರಪ್ಪನ ಮಾತು ಕೇಳಲ್ಲ ಅವ್ನು. ನಿನ್ ಮೂಗು ಅಂದ್ರೆ ಅವ್ನಿಗೆ ದೇವ್ರು."

"ಗ್ಲಾಸಿನ ಮ್ಯಾಲ ನಂಬರ್ ಇರ್ತದ ಸರೋಜಾ, ಹೆಸರ ಇರಂಗಿಲ್ಲ. ನಿನ್ನ ಮಗಂದು ಯಾವುದು ಅಂತ ನನಗ ಹೆಂಗ ತಿಳೀಬೇಕು?"

"ಅಂದ್ರೆ ಹೇಳಲ್ಲ ನೀನು."

"ಕೆಟ್ಟಿದ್ರ ಹೇಳ್ತೀನಿ. ಛಲೋ ಇದ್ರ ಛಲೋ ಅಂತ ಹೇಳ್ತೀನಿ. ನಿನ್ನ ಸಲುವಾಗಿ ಹೇಳಂಗಿಲ್ಲ."

ಸರೋಜಮ್ಮ ಮುಖ ಊದಿಸಿಕೊಂಡು ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಮನೆಯಲ್ಲಿ ಕೆಲಸವಿದೆ, ರಾಗಿ ನೆನೆಹಾಕಬೇಕು ಎಂದರು. ಯಾರಿಗೆ ಎಂದು ಕೇಳಿದರೆ, "ಇನ್ಯಾರಿಗೆ, ಅವ್ನಿಗೇ. ರಾಗಿ ಮೊಳಕೆ ಕಟ್ಟೋಕೆ ಬರಲ್ಲ ಆ ಮುಂಡೇದಕ್ಕೆ. ಬೂಷ್ಟು ಹಿಡಿಸಿಬಿಟ್ಟಿದ್ದ" ಎಂದರು. ಮಗನ ಭಟ್ಟಿ ಮುಚ್ಚಬೇಕೆಂದು ಹರಕೆ ಹೊತ್ತಿದ್ದ ತಾಯಿಯೇ ಅದಕ್ಕೆ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಬೇಸ್‌ಮೆಂಟಿನಲ್ಲಿ ಹಳೆಯ ಸೀರೆಗಳ ಮೇಲೆ ಹರವಿ ಒಣಗಿಸಿ ಕೊಡುತ್ತಿದ್ದರು. ಅವರು ಹೋದ ಮೇಲೆ ಆಂಟಿ ಬಹಳ ಹೊತ್ತು ನಕ್ಕರು.

ಆ ಮಾದರಿ ಬಂದದ್ದು ಮಾರ್ಚಿನ ಶನಿವಾರ. ಪೀಪಾಯಿಗೆ ಹೋಗುವ ಮುಂಚಿನ, ಇನ್ನೂ ನೀರಿನಂತೆ ತಿಳಿಯಾಗಿರುವ ಮದ್ಯ. ರಾಗಿಯೊಂದರಿಂದಲೇ ಅದು ನಿಖಿಲನದು ಎಂದು ತಿಳಿಯುವಂತಿರಲಿಲ್ಲ. ಆ ವರ್ಷ ಇನ್ನೂ ಒಂದಿಬ್ಬರು ಸಿರಿಧಾನ್ಯಗಳ ಬೆನ್ನು ಹತ್ತಿದ್ದರು. ಎಲ್ಲರೂ ಮೂಸಿದರು, ಬರೆದರು, ಉಗುಳಿದರು. ಅಂಕ ಹಾಕಿ ಮುಗಿಸಿದ ಮೇಲೆ ಮಾತು ಶುರುವಾಯಿತು. ನಾಲ್ಕು ಜನರದೂ ಒಂದೇ ಅಭಿಪ್ರಾಯ. ಗಂಧಕದ ನಾತ, ಬೇಯಿಸಿದ ಎಲೆಕೋಸು, ಸುಟ್ಟ ರಬ್ಬರು. ಭಟ್ಟಿ ಇಳಿಸುವಾಗ ಕೊನೆಯಲ್ಲಿ ಬರುವ ಕೆಟ್ಟ ಭಾಗವನ್ನು ಸರಿಯಾಗಿ ಬೇರ್ಪಡಿಸಿಲ್ಲ. ಇದನ್ನು ಮಾಡಿದವನಿಗೆ ಕಸುಬೇ ತಿಳಿದಿಲ್ಲ ಎಂದು ಒಬ್ಬಾತ ಪೆನ್ನು ಎಸೆದ. ಹಾಗೆಂದು ವರದಿ ಹೋದರೆ ಆ ಡಿಸ್ಟಿಲರಿಯ ಕಥೆ ಅಲ್ಲಿಗೆ ಮುಗಿದಂತೆ.

ಆಂಟಿ ಮುಚ್ಚಳ ಸರಿಸಿ ಮತ್ತೊಮ್ಮೆ ಮೂಸಿದರು. ಫೇಲು ಎಂಬುದನ್ನು ನಾನೂ ಒಪ್ಪುತ್ತೇನೆ, ಆದರೆ ಇದು ಭಟ್ಟಿಯ ತಪ್ಪಲ್ಲ, ಧಾನ್ಯದ ಜೊತೆ ಹೊರಗಿನದೊಂದು ವಸ್ತು ಸೇರಿದೆ, ನನಗೆ ಒಂದೂವರೆ ಗಂಟೆ ಬೇಕು ಎಂದರು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಡೆವನ್‌ಗೆ ಹೋಗಿ ಒಂದ ಡಬ್ಬಿ ಇಂಗು ತೊಗೊಂಡ ಬಾ" ಎಂದರು. ನಮ್ಮವರ ಅಂಗಡಿಗಳ ಸಾಲೇ ಇರುವ ಡೆವನ್ ಅವೆನ್ಯೂದಲ್ಲಿ ಶನಿವಾರ ಪಾರ್ಕಿಂಗ್ ಹುಡುಕುವುದೆಂದರೆ ಏನೆಂದು ಬಲ್ಲವರೇ ಬಲ್ಲರು. ಕೊನೆಗೆ ಸೀರೆ ಅಂಗಡಿಯೊಂದರ ಮುಂದೆ ಡಬಲ್ ಪಾರ್ಕ್ ಮಾಡಿ, ಹಿಂದಿನ ಬಸ್ಸಿನವನ ಹಾರನ್ನು ಕೇಳಿಸಿಕೊಳ್ಳುತ್ತಲೇ ಇಂಗು ತಂದೆ.

ಆಂಟಿ ಒಂದು ಚಿಟಿಕೆಯನ್ನು ವಾಸನೆಯಿಲ್ಲದ ಮದ್ಯದಲ್ಲಿ ಕದಡಿ, ಮುಚ್ಚಿಟ್ಟು, ಐದು ಗ್ಲಾಸಿಗೆ ಸುರಿದು ಮುಂದಿಟ್ಟರು. ಬಿಳಿಗಡ್ಡದವನು ಇದನ್ನೊಮ್ಮೆ ಅದನ್ನೊಮ್ಮೆ ಮೂಸಿ ನೋಡಿ, ಪೆನ್ನು ತೆಗೆದುಕೊಂಡು ವರದಿ ತಿದ್ದಿದ. ಭಟ್ಟಿಯ ಕೆಲಸ ಶುದ್ಧ, ಕಚ್ಚಾವಸ್ತುವಿಗೆ ಇಂಗು ತಗುಲಿದೆ, ಸರಿಪಡಿಸಿ ಮತ್ತೆ ಕಳಿಸಬಹುದು. ಎಲ್ಲ ಮುಗಿಯಿತು ಎಂದು ನಾನಂದುಕೊಂಡರೆ, ಆಂಟಿ ತಮ್ಮ ಹಾಳೆಯ ಮೇಲೆ ಅಡ್ಡಗೆರೆ ಎಳೆದು, ನನ್ನ ಅಂಕ ಲೆಕ್ಕಕ್ಕಿಲ್ಲ, ಇದು ಯಾರ ಮನೆಯದೆಂದು ನನಗೀಗ ಗೊತ್ತಾಗಿದೆ ಎಂದು ಹೇಳಿ ಎದ್ದರು.

ಗೊತ್ತಾಗದೆ ಏನು? ಸರೋಜಮ್ಮ ಪ್ರತಿ ಬೇಸಿಗೆಯಲ್ಲೂ ಹಪ್ಪಳ ಸಂಡಿಗೆ ಹಾಕುತ್ತಿದ್ದದ್ದು ಆ ಬೇಸ್‌ಮೆಂಟಿನಲ್ಲಿ, ಅದೇ ಹಳೆಯ ಸೀರೆಗಳ ಮೇಲೆ. ಒತ್ತಿ ಕೊಡಲು ಆಂಟಿಯೂ ಹೋಗುತ್ತಿದ್ದರು, ಮೂಗಿಗೆ ಬಟ್ಟೆ ಕಟ್ಟಿಕೊಂಡು. ವರ್ಷಗಟ್ಟಲೆ ಇಂಗು ಕುಡಿದ ಸೀರೆಗಳು ಎಷ್ಟು ಒಗೆದರೂ ಬಿಡುತ್ತವೆಯೇ? ಒದ್ದೆ ರಾಗಿ ಅದನ್ನೆಲ್ಲ ಹೀರಿಕೊಂಡಿತ್ತು. ರಾಗಿ ಮತ್ತು ಇಂಗು ಒಂದೇ ಗ್ಲಾಸಿನಲ್ಲಿ ಸಿಗಬೇಕಾದರೆ ಅದು ಇಡೀ ಅಮೆರಿಕದಲ್ಲಿ ಒಂದೇ ಬೇಸ್‌ಮೆಂಟಿನಿಂದ ಬರಲು ಸಾಧ್ಯ.

ವಾಪಸು ಬರುತ್ತ ನೇರವಾಗಿ ಸ್ಟರ್ಲಿಂಗ್ ಹೈಟ್ಸಿಗೆ ಹೋಗೋಣ ಎಂದರು. ಸರೋಜಮ್ಮ ಬಾಗಿಲು ತೆಗೆದವರೇ ನಮ್ಮಿಬ್ಬರ ಮುಖ ನೋಡಿದರು.

"ಫೇಲ್ ಆತು," ಎಂದರು ಆಂಟಿ.

"ಸದ್ಯ, ದೇವ್ರು ಕಣ್ ಬಿಟ್ಟ." ಸರೋಜಮ್ಮ ಸೋಫಾದಲ್ಲಿ ಕೂತರು. ಮುಂದಕ್ಕೆ ಬಾಗಿ, "ಯಾಕಂತೆ?" ಎಂದರು.

"ಇಂಗು. ನಿನ್ನ ಹಪ್ಪಳದ ಸೀರಿ."

ಸರೋಜಮ್ಮ ಬೇಸ್‌ಮೆಂಟಿನ ಬಾಗಿಲ ಕಡೆ ತಿರುಗಿ ನೋಡಿದರು.

"ರಿಪೋರ್ಟಿನ್ಯಾಗ ಇಂಗು ಅಂತ ಅಷ್ಟ ಬರೀತಾರ. ಎಲ್ಲಿಂದ ಬಂತು ಅಂತ ಅವರಿಗೆ ಗೊತ್ತಿಲ್ಲ. ನಿಖಿಲಗೂ ತಿಳಿಯಂಗಿಲ್ಲ. ನೀ ಸುಮ್ಮನಿದ್ರ ಮುಂದಿನ ಸಲನೂ ಫೇಲ್ ಆಗ್ತದ, ತಾನ ಭಟ್ಟಿ ಬಿಟ್ಟು ಮತ್ತ ನೌಕರಿಗೆ ಹೋಗ್ತಾನ. ನಾ ಅವಗ ಹೇಳಂಗಿಲ್ಲ. ಹೇಳೂದು ಬಿಡೂದು ನಿನಗ ಬಿಟ್ಟದ್ದು."

ಸರೋಜಮ್ಮ ಎದ್ದು ಕೆಳಗಿಳಿದು ಹೋದರು. ತಿರುಗಿ ಬಂದಾಗ ಎರಡೂ ತೋಳಿನ ತುಂಬ ಹಳೆಯ ಸೀರೆಗಳು. ಅವನ್ನು ಗ್ಯಾರೇಜಿಗೆ ಒಯ್ದು ಕಸದ ಡಬ್ಬಿಗೆ ತುಂಬಿ, ಕೈತೊಳೆದುಕೊಂಡು ಬಂದು, "ಅವ್ನ್ ಕೆಲಸ ಚೆನ್ನಾಗಿಲ್ಲ ಅಂತ ಅನ್ನಿಸ್ಕೊಂಡು ಮುಚ್ಚಿದ್ರೆ ಮುಚ್ಚಲಿ. ನನ್ ರಾಗಿಯಿಂದ ಹಾಳಾಯ್ತು ಅಂತ ಆಗಬಾರ್ದು" ಎಂದರು. ಆಮೇಲೆ ನಮ್ಮೆದುರಿಗೇ ಮಗನಿಗೆ ಫೋನ್ ಮಾಡಿ ಎಲ್ಲ ಹೇಳಿದರು. ಅವನು ಆ ಕಡೆಯಿಂದ ಇಂಗ್ಲಿಷಿನಲ್ಲಿ ಬಹಳ ಹೊತ್ತು ನಗುತ್ತಿದ್ದದ್ದು ನಮಗೂ ಕೇಳಿಸಿತು.

ಲಿವೋನಿಯಾಕ್ಕೆ ಬರುವ ದಾರಿಯಲ್ಲಿ ಆಂಟಿ, ಇನ್ನು ಮೇಲೆ ಶನಿವಾರ ನೀನು ಒಬ್ಬನೇ ಹೋಗು ಎಂದರು. ನನಗೆ ಅರ್ಥವಾಗಲಿಲ್ಲ. "ಆ ಹುಡುಗನ ಕೈ ಹೆಂಗದ ಅಂತ ಇವತ್ತ ಮೂಗಿಗೆ ಗೊತ್ತಾತು. ಇನ್ನ ಅವಂದು ಯಾವ ನಂಬರಿನ್ಯಾಗ ಬಂದ್ರೂ ನನಗ ತಿಳೀತದ," ಎಂದರು. ಅವನದು ಬಂದಾಗ ಮಾತ್ರ ಪೆನ್ನು ಕೆಳಗಿಟ್ಟರಾಯಿತಲ್ಲ ಎಂದೆ. "ಪೆನ್ ಕೆಳಗಿಟ್ರ ಅದೂ ಒಂದ ಮಾತ ಆತಲ್ಲೋ. ಉಳಿದ ನಾಲ್ಕೂ ಮಂದಿಗೆ, ಇದು ಆಕಿ ಕಡೆಯವರದು ಅಂತ ಗೊತ್ತಾಗ್ತದ. ಪಾಸ್ ಆದ್ರೂ ಮುಲಾಜಿಗೆ ಪಾಸ್ ಆದಂಗ." ಸರೋಜಮ್ಮನಿಗೆ ಮಾತ್ರ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು. ಗೊತ್ತಾದರೆ, ಗೆಳತಿಯ ಶನಿವಾರ ತಪ್ಪಬಾರದೆಂದು ಆಕೆ ಮಗ ಬಾಟಲಿ ಕಳಿಸುವುದನ್ನೇ ನಿಲ್ಲಿಸುತ್ತಾಳೆ ಎಂಬ ಭಯ. ಎಲ್ಲರಿಗೂ ಮಂಡಿನೋವು, ಅಷ್ಟು ದೂರ ಕಾರಿನಲ್ಲಿ ಕೂರಲು ಆಗುವುದಿಲ್ಲ ಎಂದು ಹೇಳಿದರು.

ಅಂಕಲ್ ಹೋದ ಮೇಲೆ ಆಂಟಿಗೆ ಉಳಿದಿದ್ದ ಸಂಭ್ರಮವೆಂದರೆ ಆ ಶನಿವಾರಗಳೇ. ಅದು ನನಗೆ ಗೊತ್ತಿತ್ತು. ಶಿಕಾಗೋಗೆ ಒಬ್ಬನೇ ಹೋಗುವಾಗ ಮನಸ್ಸಿಗೆ ಬಂದಲ್ಲಿ ಕಾಫಿ ಕುಡಿಯಬಹುದಿತ್ತು. ಆದರೂ ಅಭ್ಯಾಸಬಲದಿಂದ ಎಕ್ಸಿಟ್ ತೆಗೆದುಕೊಂಡು, ಇಳಿದು, ನಿಂತೇ ಕುಡಿಯುತ್ತಿದ್ದೆ. ಸೆಪ್ಟೆಂಬರಿನಲ್ಲಿ ನಿಖಿಲನ ಎರಡನೆಯ ಮಾದರಿ ಐದಕ್ಕೆ ಐದೂ ಜನರ ಒಪ್ಪಿಗೆ ಪಡೆಯಿತು. ಆಂಟಿಯ ಕುರ್ಚಿಯಲ್ಲಿ ಆಗ ಬೇರೆ ಯಾರೋ ಕೂತಿದ್ದರು. ಸುದ್ದಿ ಹೇಳಲು ಹೋದಾಗ, "ಐದೂ ಮಂದೀನಾ?" ಎಂದು ಎರಡು ಸಲ ಕೇಳಿ, ಒಳಗೆ ಹೋಗಿ ಒಂದು ತಟ್ಟೆ ಚುರುಮುರಿ ತಂದಿಟ್ಟರು.

ಆ ದಿನಗಳಲ್ಲಿ ಅವರ ಮನೆಗೆ ಹೋದರೆ ಬಾಗಿಲಲ್ಲೇ ಬೆಳ್ಳುಳ್ಳಿ, ಓಮ, ಕರ್ಪೂರ ಕಾಯಿಸಿದ ಎಣ್ಣೆಯ ಘಾಟು ಮೂಗಿಗೆ ಹೊಡೆಯುತ್ತಿತ್ತು. ಇನ್ನು ಯಾರಿಗಾಗಿ ಮೂಗು ಕಾಪಾಡಿಕೊಳ್ಳಬೇಕು ಎಂದು ಬಿಟ್ಟುಕೊಟ್ಟರೇನೋ ಎಂದುಕೊಂಡು ನನಗೆ ಸಂಕಟವಾಗುತ್ತಿತ್ತು. ಕೇಳಲು ಬಾಯಿ ಬರಲಿಲ್ಲ. ಮಹಡಿ ಮೆಟ್ಟಿಲನ್ನು ಮಾತ್ರ ಅವರು ನನಗಿಂತ ಚುರುಕಾಗಿ ಹತ್ತುತ್ತಿದ್ದರು.

ಫ್ಯೂನರಲ್ ಹೋಮಿನಲ್ಲಿ ಸರೋಜಮ್ಮ ನನ್ನನ್ನು ಒಂದು ಪಕ್ಕಕ್ಕೆ ಕರೆದರು. ಅತ್ತು ಅತ್ತು ಮುಖ ಬಾತಿತ್ತು, ಜೊತೆಗೆ ಸಿಟ್ಟೂ ಇತ್ತು.

"ಊರೋರ್ದೆಲ್ಲ ಮೂಸಿದ್ಳು. ನನ್ ಮಗಂದು ಪಾಸಾಗೋ ಹೊತ್ತಿಗೆ ಮಂಡಿನೋವು ಬಂತು ನೋಡು ಅವ್ಳಿಗೆ. ಕೊನೆಗೂ ಅವ್ನಿಗೆ ಚೆನ್ನಾಗಿದೆ ಅಂತ ಒಂದು ಮಾತು ಹೇಳ್ಲಿಲ್ಲ."

ಕೊಟ್ಟ ಮಾತು ಮುರಿದು ಎಲ್ಲವನ್ನೂ ಹೇಳಿದೆ. ಅಡ್ಡಗೆರೆ ಎಳೆದದ್ದು, ಕಾರಿನಲ್ಲಿ ಹೇಳಿದ್ದು, ತಂಡ ಬಿಟ್ಟದ್ದು ಎಲ್ಲ. ಸರೋಜಮ್ಮ ಕೇಳುತ್ತ ನಿಂತಿದ್ದರು.

"ಹಾಗಾದ್ರೆ ಮಂಡಿ?"

"ಅವರ ಮಂಡಿಗೆ ಏನೂ ಆಗಿರಲಿಲ್ಲ."

"ನಾನು ತಿಂಗಳು ತಿಂಗಳೂ ಎಣ್ಣೆ ಕಾಯಿಸಿ ಕೊಡ್ತಿದ್ನಲ್ಲಪ್ಪ. ಬೆಳ್ಳುಳ್ಳಿ ಹಾಕಿ. ಖಾಲಿ ಸೀಸೆ ತಂದು ಮುಂದೆ ಇಡ್ತಿದ್ಳು, ಇನ್ನೊಂದಿಷ್ಟು ಕೊಡು ಸರೋಜಾ, ಆರಾಮ ಅನಸ್ತದ ಅಂತ. ಸಿಂಕಿಗೆ ಸುರೀತಿದ್ಳೇನೋ."

"ಸುರಿಯುತ್ತಿರಲಿಲ್ಲ," ಎಂದೆ. "ಹಚ್ಚಿಕೊಳ್ಳುತ್ತಿದ್ದರು. ಮನೆಯೆಲ್ಲ ಅದೇ ವಾಸನೆ ಇರುತ್ತಿತ್ತು."

ಸರೋಜಮ್ಮ ನನ್ನ ತೋಳು ಹಿಡಿದುಕೊಂಡು, ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತುಬಿಟ್ಟರು.